ನಮ್ಮ ದನಿ ತಲುಪದ ಕಿವಿ

ನಾವು ಒಂದು ಜೋಡಿ ಕಂಚಿನ ತಾಳ. ಒಂದೇ ದಾರಕ್ಕೆ ಕಟ್ಟಿರುವುದರಿಂದ ಇಬ್ಬರದೂ ಒಂದೇ ಕಥೆ. ಎರಕ ಹೊಯ್ದವನು ನಮ್ಮನ್ನು ಉಜ್ಜಿ, ಒಮ್ಮೆ ಬಡಿದು, ದನಿ ನಿಲ್ಲುವ ತನಕ ಉಸಿರು ಬಿಗಿಹಿಡಿದು ಕೇಳಿದ. ಆಮೇಲೆ ಭಜನೆ ಹಾಡುವ ನೀಲವ್ವನ ಕೈ ಸೇರಿದೆವು.

ಅವಳು ಹುಬ್ಬಳ್ಳಿಯ ಒಂದು ಕ್ಯಾಸೆಟ್ ಸ್ಟುಡಿಯೋದಲ್ಲಿ ಹಾಡುತ್ತಿದ್ದಳು. ಗಾಜಿನ ಆಚೆ ರೆಕಾರ್ಡಿಂಗ್ ಮಾಡುವ ಗುರುಪಾದಪ್ಪ. ಮುಂಜಾನೆ ಹೆಡ್‌ಫೋನ್ ಏರಿಸಿದರೆ ಇಳಿಸುವುದು ಸಂಜೆಗೇ. ತಬಲಾ, ಡೊಳ್ಳು, ಹಾರ್ಮೋನಿಯಂ, ನಾವು, ಎಲ್ಲ ಜೋರಾಗಿ ಅವನ ಕಿವಿಯೊಳಗೇ. ಮೊದಮೊದಲು ನಮ್ಮ ದನಿಯ ಕೊನೆಯ ಎಳೆಯನ್ನೂ ಹಿಡಿಯುತ್ತಿದ್ದ. "ನೀಲವ್ವಾ, ಅಂಚಿಗೆ ಬೆರಳ ತಾಗಸಬ್ಯಾಡ. ದನಿ ಸಾಯ್ತೈತಿ," ಅನ್ನುತ್ತಿದ್ದ.

ಹದಿನೈದು ವರ್ಷ ಕಳೆದವು. ಒಂದು ದಿನ ಹಾಡನ್ನು ನಡುವೆ ನಿಲ್ಲಿಸಿ ಗದರಿದ.

"ಯಾಕವ್ವಾ, ತಾಳ ಮನ್ಯಾಗ ಇಟ್ಟ ಬಂದೀಯೇನ? ಒಂದ ಏಟರ ಕೇಳವಲ್ದು."

ನಾವು ಮೊದಲಿನಿಂದ ಬಿಡದೆ ಬಡಿದುಕೊಂಡಿದ್ದೆವು. ತಬಲಾದವನು ಬೆರಗಾಗಿ ನೀಲವ್ವನ ಮುಖ ನೋಡಿದ. ಬಾಗಿಲಲ್ಲಿ ಸ್ಟುಡಿಯೋ ಮಾಲೀಕ ನಿಂತಿದ್ದ. ಕಿವಿ ಮಂದವಾಗಿದೆ ಎಂದು ತಿಳಿದರೆ ಗುರುಪಾದಪ್ಪನ ಕೆಲಸ ಅವತ್ತೇ ಹೋಗುತ್ತಿತ್ತು.

"ತಪ್ಪಾತ್ರಿ ಅಣ್ಣಾರ. ಕೈ ಸೋತಿತ್ತು," ಅಂದಳು ನೀಲವ್ವ.

"ಬಾಯಿ ಎಂದೂ ಸೋಲೂದಿಲ್ಲ, ಕೈ ಅಷ್ಟ ಸೋಲ್ತೈತಿ ನಿಂದು!" ಅಂದ ಗುರುಪಾದಪ್ಪ.

ಎಲ್ಲರೂ ನಕ್ಕರು. ಮಾಲೀಕನೂ ನಕ್ಕು ಹೊರಟುಹೋದ.

ಅಂದಿನಿಂದ ಗುರುಪಾದಪ್ಪ ಹೆಡ್‌ಫೋನಿನ ದನಿ ಇನ್ನೂ ಏರಿಸಿದ. ನೀಲವ್ವ ನಮ್ಮನ್ನು ಇನ್ನೂ ಜೋರಾಗಿ ಬಡಿದಳು. ನಮ್ಮಲ್ಲೊಂದರ ಅಂಚು ಸೀಳಿತು. ಕೇಳದಿದ್ದರೂ ಆ ಏಟುಗಳೆಲ್ಲ ಅವನ ಕಿವಿಗೇ ಬೀಳುತ್ತಿದ್ದವು.

ಐದು ವರ್ಷದ ಮೇಲೆ ಎದುರು ಕೂತವರ ಮಾತೂ ಅವನಿಗೆ ತಿಳಿಯದಾಯಿತು. ಕೆಲಸ ಹೋಯಿತು. ನೀಲವ್ವನೇ ಅವನನ್ನು ಡಾಕ್ಟರ ಬಳಿ ಕರೆದೊಯ್ದಳು. ನಾವು ಅವಳ ಚೀಲದಲ್ಲಿದ್ದೆವು.

"ಹೋದದ್ದು ಹೊಳ್ಳಿ ಬರೂದಿಲ್ಲವ್ವಾ," ಅಂದರು ಡಾಕ್ಟರು. "ಗೆಜ್ಜಿ, ತಾಳದಂಥ ಚೂಪ ದನಿ ಮೊದಲ ಹೋಗ್ತಾವು. ಆವಾಗನ ಬಂದಿದ್ರ ಉಳದದ್ದನ್ನ ಉಳಸಬಹುದಿತ್ತು."

ಹೊರಗೆ ಮೆಟ್ಟಿಲ ಮೇಲೆ ನೀಲವ್ವ ನಿಂತಳು. "ಅಣ್ಣಾರ, ಅವತ್ತ ನಾ ತಾಳ ಹೊಡದಿದ್ನಿರಿ. ಸುಳ್ಳ ಹೇಳಿದ್ನಿ."

ಅವನು ಅವಳ ತುಟಿಯನ್ನೇ ನೋಡಿದ. "ಏನಂದಿ? ಜೋರ ಹೇಳವ್ವಾ."

ಅವಳು ಬಾಯಿ ತೆರೆದಳು. ಅವನ ಜೋರು ದನಿಗೆ ದಾರಿಯ ಜನ ಹೊರಳಿ ನೋಡುತ್ತಿದ್ದರು.

"ಏನಿಲ್ರಿ. ಬಸ್ಸ ಬಂತು, ನಡೀರಿ," ಅಂದಳು, ಕೈ ಮಾಡಿ ತೋರಿಸಿ.

ಈಗ ನಾವು ಅವಳ ಮನೆಯ ಗೂಡಿನಲ್ಲಿದ್ದೇವೆ. ಭಜನೆಗೆ ಅವಳು ಬರಿಗೈಯಲ್ಲಿ ಹೋಗಿ ಚಪ್ಪಾಳೆ ತಟ್ಟಿ ಹಾಡುತ್ತಾಳೆ. ಅವಳ ಮನಸ್ಸು ಕೆಟ್ಟದ್ದಲ್ಲ, ನಮಗೆ ಗೊತ್ತು. ಆದರೂ ಹೇಳುತ್ತೇವೆ. ನಾವು ಬಡಿದು ಬಡಿದು ಹೇಳಿದೆವು, ನಮ್ಮ ದನಿ ಅವನಿಗೆ ಕೇಳಲಿಲ್ಲ. ಆಗಿನ್ನೂ ಮಾತು ಕೇಳುತ್ತಿತ್ತು. ಅವಳಿಗೆ ಬಾಯಿತ್ತು.