ಮೊರದೊಳಗಿನ ಗೌರಿ ಹೂ

ನಾನು ಒಂದು ಗೌರಿ ಹೂವಿನ ಬೀಜ. ಅರಸೀಕೆರೆಯ ಅಂಚಿನ ಬೀದಿಯೊಂದರಲ್ಲಿ, ವಿಶಾಲಾಕ್ಷಮ್ಮನವರ ಹಿತ್ತಲ ಬೇಲಿಯಲ್ಲಿ ಕಾಯಿ ಒಡೆದು ಬೆಳಕು ಕಂಡೆ. ಮೈ ಕುಂಕುಮದಷ್ಟು ಕೆಂಪು. ಎದುರಿನ ಗುಡ್ಡದ ತುಂಬ ನಮ್ಮ ಬಳ್ಳಿಯೇ ಇತ್ತಂತೆ. ಗುಡ್ಡ ಸೈಟುಗಳಾದ ಮೇಲೆ ಉಳಿದದ್ದು ಈ ಬೇಲಿಯೊಂದೇ. ವಿಶಾಲಾಕ್ಷಮ್ಮ ನಮಗೂ ಅಮ್ಮನೇ; ಬೆಳಗ್ಗೆ ಪದ್ಯ ಹೇಳಿಕೊಳ್ಳುತ್ತಲೇ ಬಳ್ಳಿಗಳ ನಡುವೆ ಓಡಾಡುತ್ತಿದ್ದರು. ಕಾಯಿಯೊಳಗಿದ್ದಾಗಲೇ ನಾನು ಕೇಳಿದ ಮೊದಲ ದನಿ ಅದು.

ಗೌರಿ ಹಬ್ಬಕ್ಕೆ ಅಮ್ಮ ನಮ್ಮಲ್ಲಿ ಆರು ಬೀಜಗಳನ್ನು ಕಾಗದದಲ್ಲಿ ಮಡಿಚಿ, ಮೇಲೆ ಬರೆದರು: ‘ಗೌರಿ ಹೂ. ವಿಷ, ಬಾಯಿಗೆ ಹಾಕಬೇಡಿ. ಬಿತ್ತಿ.’ ಪೊಟ್ಟಣವನ್ನು ಬಾಗಿನದ ಮೊರದಲ್ಲಿ ತೆಂಗಿನಕಾಯಿ, ತೊಗರಿಬೇಳೆ, ಬಳೆ, ಕನ್ನಡಿಗಳ ಅಡಿಯಲ್ಲಿಟ್ಟು, ಇನ್ನೊಂದು ಮೊರ ಕವುಚಿ, ದಾರ ಸುತ್ತಿ ಪಕ್ಕದ ಮನೆಯ ಸುಗುಣಳಿಗೆ ಕೊಟ್ಟರು.

ಸುಗುಣ ದಾರ ಸಡಿಲಿಸಿ, ಸಂದಿಯಲ್ಲಿ ಕೈ ತೂರಿಸಿ ತೆಂಗಿನಕಾಯಿ ಮಾತ್ರ ಎಳೆದುಕೊಂಡಳು. “ಮಿಕ್ಕಿದ್ದು ಇರ್ಲಿ, ಮುಂದಿನ ವರ್ಷ ಯಾರಿಗಾದ್ರೂ ಆಗತ್ತೆ” ಎಂದು ಮೊರವನ್ನು ಅಟ್ಟಕ್ಕೇರಿಸಿದಳು.

ಅಲ್ಲಿ ಕತ್ತಲು. ಹೆಂಚಿನ ಮೇಲೆ ಮಳೆ ಬೀಳುವುದು ಕೇಳುತ್ತಿತ್ತು, ಒಂದು ಹನಿಯೂ ತಾಕುತ್ತಿರಲಿಲ್ಲ. ಬೇಳೆಗೆ ಹುಳು ಬಿತ್ತು. ನಮ್ಮ ವಿಷಕ್ಕೆ ಹೆದರಿ ನಮ್ಮನ್ನು ಬಿಟ್ಟಿತು. ಗೋಡೆಯಾಚೆಯಿಂದ ಬರುವ ಪದ್ಯವೇ ನನಗೆ ಬೆಳಗು. ಅಮ್ಮ ಊರಲ್ಲಿಲ್ಲದ ಒಂದು ವಾರ ಪದ್ಯದ ಬದಲು ಜೆಸಿಬಿಯ ಸದ್ದು. ಅವರ ಮಗ ಕಾಂಪೌಂಡು ಕಟ್ಟಿಸಲು ಬೇಲಿಯನ್ನು ಗಡ್ಡೆಗಳ ಸಮೇತ ಕೀಳಿಸಿದ್ದ.

ಊರಿಂದ ಬಂದವರೇ ಅಮ್ಮ ಈ ಮನೆಗೆ ಬಂದರು. “ಸುಗುಣಾ, ನಾನು ಬಾಗಿನದಲ್ಲಿ ಕೊಟ್ಟ ಗೌರಿ ಹೂವಿನ ಬೀಜ ಹುಟ್ತೇನೇ? ನನ್ನ ಹತ್ರ ಒಂದೂ ಉಳಿದಿಲ್ಲ ಕಣೇ.”

ಬಾಗಿನ ಬಿಚ್ಚಿಯೇ ಇಲ್ಲ ಎನ್ನಲು ಸುಗುಣಳಿಗೆ ನಾಚಿಕೆ. “ಬಿತ್ತಿದ್ವಿ ಅಮ್ಮಾ. ಹುಟ್ಲೇ ಇಲ್ಲ.”

ಅಮ್ಮನ ತಲೆಯ ಮೇಲೆ ನಾಲ್ಕಡಿ ಎತ್ತರದಲ್ಲಿ ನಾನಿದ್ದೆ. ಕೂಗಲು ಬಾಯಿಲ್ಲ, ಉರುಳಲು ಜಾಗವಿಲ್ಲ. ಅಮ್ಮನ ಪದ್ಯಗಳಲ್ಲಿ ಕರೆದರೆ ಬರುವ ದೇವರಿದ್ದಾನೆ. ಬಾಯಿಲ್ಲದವರ ಕರೆ ಅವನಿಗೆ ಕೇಳುತ್ತದೋ ಇಲ್ಲವೋ. ಆದರೂ ಕರೆದೆ.

ಮರುವರ್ಷ ಸುಗುಣ ಹೊಸ ತೆಂಗಿನಕಾಯಿ ತೂರಿಸಿ ಅದೇ ಮೊರವನ್ನು ನಾದಿನಿ ಭಾರತಿಗೆ ದಾಟಿಸಿದಳು. ಭಾರತಿಯೂ ಬಿಚ್ಚಲಿಲ್ಲ, ಅದೇ ಸಂಜೆ ತಂದು ವಿಶಾಲಾಕ್ಷಮ್ಮನವರಿಗೇ ಕೊಟ್ಟಳು!

ಅಮ್ಮ ಬಾಗಿನ ಬಿಚ್ಚುವವರು. ಹುಳು ಬಿದ್ದ ಬೇಳೆ ಸುರುವಿದಾಗ ತಮ್ಮದೇ ಅಕ್ಷರ ಕಂಡಿತು. ಪೊಟ್ಟಣ ಬಿಡಿಸಿ ನಮ್ಮನ್ನು ಅಂಗೈಗೆ ಸುರಿದುಕೊಂಡರು. “ಪಕ್ಕದ ಮನೇಲೇ ಇದ್ಯಾ ನನ್ನಪ್ಪಾ?”

ಕುಂಡದಲ್ಲಿ ಬಿತ್ತಿದ ಆರರಲ್ಲಿ ಐದು ಕೊಳೆತವು. ಮೂರು ತಿಂಗಳ ಮೇಲೆ ನನ್ನ ಸಿಪ್ಪೆ ಬಿರಿಯಿತು.

“ಇದ್ಯಾವ ಗಿಡ ಅಮ್ಮಾ?” ಎಂದಳು ಸುಗುಣ.

“ನೀನು ಬಿತ್ತಿದ್ಯಲ್ಲಾ, ಅದೇ. ಈಗ ಹುಟ್ಟಿದೆ.”



ಈಗ ನಾನು ಕುಂಡದ ಮಣ್ಣಿನೊಳಗಿನ ಗಡ್ಡೆ. ಬೇಸಿಗೆಯಲ್ಲಿ ಸತ್ತಂತೆ ಮಲಗಿ ಮಳೆಗೆ ಏಳುತ್ತೇನೆ. ಮೂರನೆಯ ಮಳೆಗಾಲಕ್ಕೆ ಹೂ ಬಿಟ್ಟೆ. ಕಾರ್ತಿಕದಲ್ಲಿ ಕಾಯಿ ಒಡೆದಾಗ ಅಮ್ಮ ಬೀಜಗಳನ್ನು ಪೊಟ್ಟಣ ಕಟ್ಟಲಿಲ್ಲ. ಸುಗುಣಳ ಅಂಗೈ ಬಿಡಿಸಿ ಸುರಿದರು. ಅವಳು ಮುಷ್ಟಿ ಮುಚ್ಚಿದಳು. ನನ್ನ ಮಕ್ಕಳಿಗೂ ಕತ್ತಲಾಯಿತು ಎಂದುಕೊಂಡೆ.

ಆದರೆ ಸುಗುಣ ಮನೆಯೊಳಗೆ ಹೋಗಲಿಲ್ಲ. ಸೆರಗು ಸಿಕ್ಕಿಸಿಕೊಂಡು ಸೀದಾ ತನ್ನ ಹಿತ್ತಲಿಗೆ ನಡೆದಳು. ಕಾಂಪೌಂಡಿನಾಚೆ ಗುದ್ದಲಿಯ ಸದ್ದು ಕೇಳಿತು.