ಗೋಡೆಯ ಕಡೆ ಮುಖ

ಗದ್ದಲದ ಆಲ್ಬಂಗಳಲ್ಲಿ ನಾನು ಕಾಯುವುದು ಗದ್ದಲಕ್ಕಲ್ಲ, ಅದು ನಿಲ್ಲುವ ಗಳಿಗೆಗೆ. ಅಲ್ಮಾಟಿಯ ಒಂದು ತಂಡ ರೈಲುಕಂಬಿಯನ್ನು ಕಾಂಕ್ರೀಟಿನ ಮೇಲೆ ಎಳೆದಾಡಿ ಮಾಡಿದ ಆಲ್ಬಂ ನನ್ನ ಬಳಿ ಇದೆ. ತಾಷ್ಕೆಂಟಿನವನೊಬ್ಬ ನಾಯಿಕಾಳಗದ ಸದ್ದನ್ನು ನಿಧಾನಗೊಳಿಸಿ ಅದರ ಮೇಲೆ ಗಿಟಾರನ್ನು ಕಿರುಚಿಸಿದ್ದಾನೆ. ಕಂಬಿ ನಿಂತಾಗ, ನಾಯಿ ಸೋತಾಗ, ಒಂದು ಉಸಿರಿನಷ್ಟು ಹೊತ್ತು ಏನೂ ಇರುವುದಿಲ್ಲ. ಅಲ್ಲಿ ಕಿವಿಯಿಟ್ಟರೆ ಹೊಡೆದವರು ಯಾರು, ಬಿದ್ದವರು ಯಾರು ಎಂದು ತಿಳಿಯುತ್ತದೆಂದು ನಂಬಿದ್ದೆ. ಹಾಗೆಂದು ಬರೆಯುತ್ತಲೂ ಇದ್ದೆ, ಇಂಥ ಸಂಗೀತದ ಹುಚ್ಚಿರುವ ನಾಲ್ಕಾರು ಮಂದಿ ಓದುವ ಜಾಲತಾಣವೊಂದಕ್ಕೆ.

ಜಿಬೆಕ್ ತನ್ನ ಕ್ಯಾಸೆಟ್ ಕೊಟ್ಟದ್ದು ಅದಕ್ಕೇ. ನಾವಿಬ್ಬರೂ ಸರೋವರದ ದಡದ ಊರು ಬಾಲಿಕ್ಚಿಯವರು, ಒಂದೇ ಬೀದಿಯವರು. ಮೊದಲ ಬದಿಯಲ್ಲಿ ಪಾಳುಬಿದ್ದ ಬಂದರಿನ ಸರಪಳಿಗಳು ಗಾಳಿಗೆ ಹಡಗಿನ ತಗಡನ್ನು ಬಡಿಯುತ್ತವೆ. ಎರಡನೆಯ ಬದಿಯಲ್ಲಿ ಅವಳ ತಾಯಿ ಬುರುಲ್ಚಾ ಅಪಾ ಒಬ್ಬರೇ; ತಾಯಿಗೂ ಹಿರಿಯ ಹೆಂಗಸರಿಗೂ ನಮ್ಮಲ್ಲಿ ಅಪಾ ಎನ್ನುತ್ತೇವೆ.

ನಮ್ಮಲ್ಲಿ ಗಂಡ ಸತ್ತರೆ ಹೆಂಡತಿ ಗೋಡೆಯ ಕಡೆ ಮುಖ ಮಾಡಿ ಕೂತು ಕೊಶೊಕ್ ಎಂಬ ಸಾವಿನ ಹಾಡು ಹಾಡಿ ಅಳಬೇಕು. ಜಿಬೆಕ್‌ಳ ಅಪ್ಪನನ್ನು ಮಣ್ಣು ಮಾಡಿದ ದಿನ ಅಪಾ ಹಾಡಬೇಕಾದ್ದನ್ನೆಲ್ಲ ಹಾಡಿದ್ದರು: ಗಂಡ ಬೆಟ್ಟ, ಗಂಡ ಹದ್ದು. ನಲವತ್ತನೆಯ ದಿನದ ತಿಥಿಯೂಟ ಮುಗಿದು ನೆಂಟರು ಹೋದ ಮೇಲೆ ಅಡುಗೆಮನೆಯ ಗೋಡೆಗೆ ತಿರುಗಿ ಇನ್ನೊಂದನ್ನು ಹಾಡಿದರು. ಮಗಳು ಅದನ್ನು ರೆಕಾರ್ಡ್ ಮಾಡಿಕೊಂಡಳು.

ನನ್ನ ಹಲ್ಲುದುರಿಸಿದ ಬಲಗೈಯೇ, ಮಣ್ಣಲ್ಲಿ ತಣ್ಣಗಾದೆಯಾ.
ನನ್ನ ಪಕ್ಕೆ ಮುರಿದ ಬೂಟುಗಾಲೇ, ಇನ್ನೊಬ್ಬರ ಹೊಸಿಲು ತುಳಿವೆಯಾ.

ಸಾಲು ಸಾಲಿನ ನಡುವೆ ಮೌನವಿತ್ತು. ನನಗೆ ಬರೆಯಲು ಅದರಲ್ಲಿ ಏನೂ ಸಿಗಲಿಲ್ಲ. ಯಾರು ಹೊಡೆದರೆಂದು ಹುಡುಕುವ ಕೆಲಸವೇ ಇರಲಿಲ್ಲ, ಅವರೇ ಹೇಳುತ್ತಿದ್ದರು.

ಒಂದು ಮಧ್ಯಾಹ್ನ ಜಿಬೆಕ್ ಓಡಿಬಂದಳು. ಬಲಗೈಗೆ ಸುತ್ತಿದ್ದ ತಲೆವಸ್ತ್ರ ರಕ್ತದಲ್ಲಿ ನೆನೆದಿತ್ತು.

"ಚಿಕ್ಕಪ್ಪ. ಹಾಡಿನ ವಿಷಯ ಗೊತ್ತಾಗಿ ಕಂಪ್ಯೂಟರ್ ಮೇಲೆ ಸುತ್ತಿಗೆ ಹಾಕ್ದ, ಎಲ್ಲ ಅದ್ರಲ್ಲೇ ಇತ್ತು. ನಾನು ಕೈ ಅಡ್ಡ ಇಟ್ಟೆ."

"ಆಸ್ಪತ್ರೆಗೆ ನಡಿ."

"ಕ್ಯಾಸೆಟ್ ಎಲ್ಲಿ? ಅದೊಂದೇ ಉಳ್ದಿರೋದು, ಎರ್ನಿಸ್. ಅಪಾ ಹೇಳಿದ್ದನ್ನ ಯಾರಾದ್ರೂ ಕೇಳ್ಬೇಕು."

"ನಾನು ಕೇಳಿದೀನಲ್ಲ."

"ನೀನು ಕೇಳೋದು ಮಾತು ನಿಂತ ಮೇಲಿನ ಮೌನ. ನನಗೆ ಮಾತು ಕೇಳೋರು ಬೇಕು."

ಅಷ್ಟರಲ್ಲಿ ಗೇಟು ಒದೆಸಿಕೊಂಡು ತೆರೆಯಿತು. ಅವಳನ್ನು ಒಳಗೆ ತಳ್ಳಿ ನಾನು ಬಾಗಿಲಿಗೆ ಬಂದೆ. ಅವಳ ಚಿಕ್ಕಪ್ಪ ಸದಿರ್ಬೆಕ್, ಹಿಂದೆ ಅವನ ಇಬ್ಬರು ಗಂಡುಮಕ್ಕಳು.

"ಎಲ್ಲೋ ಅದು? ಬಿಶ್ಕೆಕ್‌ನಲ್ಲಿ ಓದಿದ್ದು ಸತ್ತೋನ ಮಾನ ಹರಾಜು ಹಾಕೋಕಾ?"

"ಸದಿರ್ಬೆಕ್ ಬಾಯ್ಕೆ, ಅಣ್ಣನ ಹಾಗೆ ದೊಡ್ಡೋರು ನೀವು. ಒಳಗೆ ಬನ್ನಿ, ಚಹಾ ಕುಡೀತಾ..."

ಮೊದಲ ಗುದ್ದು ಬಾಯಿಗೆ ಬಿತ್ತು. ಮಕ್ಕಳಿಬ್ಬರೂ ನನ್ನ ತೋಳುಗಳನ್ನು ಹಿಂದಕ್ಕೆ ತಿರುಚಿದರು. ಎರಡನೆಯದು ಪಕ್ಕೆಗೆ. ಹೊಡೆತದ ಸದ್ದು ಇಷ್ಟು ಸಣ್ಣದೆಂದು ನನಗೆ ತಿಳಿದಿರಲಿಲ್ಲ: ಕಲಸಿದ ಹಿಟ್ಟನ್ನು ಹಲಗೆಯ ಮೇಲೆ ಎತ್ತಿ ಹಾಕಿದಂತೆ. ನನ್ನ ಯಾವ ಆಲ್ಬಂನಲ್ಲೂ ಅದಿಲ್ಲ. ಮೊಣಕಾಲು ಹೊಟ್ಟೆಗೆ ಬಿದ್ದಾಗ ಬಾಯಿಂದ ರಕ್ತದ ಜೊತೆ ಬೆಳಗ್ಗೆ ತಿಂದ ರೊಟ್ಟಿಯೂ ಬಂತು.

"ಹೇಳ್ತೀಯೋ, ಕಿವಿ ಕಿತ್ತು ಕೈಗೆ ಕೊಡ್ಲೋ? ಆಮೇಲೆ ಹಾಡು ಕೇಳ್ಕೊಂಡಿರು!"

ಆಗ ಕಿಟಕಿಯಿಂದ ಕೊಶೊಕ್ ಹೊರಟಿತು. ಜಿಬೆಕ್ ಎಡಗೈಯಲ್ಲೇ ಸ್ಪೀಕರನ್ನು ಎಳೆದು ಕಿಟಕಿಗೆ ಇಟ್ಟಿದ್ದಳು. ಗಾಳಿಗೆ ಅರ್ಧ ಮಾತು ಹಾರಿಹೋದರೂ ಹೆಂಗಸಿನ ಗೋಳು ಬೀದಿಗೆ ಮುಟ್ಟಿತು. ಹಾಸಿಗೆ ಹಿಡಿದಿದ್ದ ನನ್ನಜ್ಜಿ ಹೋದಳೆಂದುಕೊಂಡರು ಜನ. ಗಂಡಸರು ಎಂದಿನಂತೆ ದೂರದಿಂದಲೇ, "ಓ ನಮ್ಮ ತಾಯೀ!" ಎಂದು ಬೊಬ್ಬೆಯಿಡುತ್ತ ಓಡಿಬಂದರು. ಹಿಂದೆ ಹೆಂಗಸರು.

ಸತ್ತವರ ಮನೆಗೆ ಜನ ಅಳುತ್ತ ಬಂದರೆ ಅಲ್ಲಿರುವ ಗಂಡಸರು ಬಾಗಿಲ ಪಕ್ಕ ಸಾಲಾಗಿ ನಿಂತು ಸೊಂಟಕ್ಕೆ ಕೈಕೊಟ್ಟು ಅಳಬೇಕು. ಚಿಕ್ಕಂದಿನಿಂದ ಮೈಗೆ ಹತ್ತಿದ ಅಭ್ಯಾಸ. ಮಕ್ಕಳು ನನ್ನ ತೋಳು ಬಿಟ್ಟು ಬಾಗಿಲಿಗೆ ಸರಿದರು. ಸದಿರ್ಬೆಕ್ ರಕ್ತ ಮೆತ್ತಿದ ಮುಷ್ಟಿಯನ್ನು ಸೊಂಟಕ್ಕಿಟ್ಟುಕೊಂಡ. "ಓ ನನ್ನ ಬೆನ್ನೆಲುಬೇ!" ಎಂಬ ಕೂಗು ಅವನ ಬಾಯಿಂದ ಹೊರಟೇಬಿಟ್ಟಿತು.

ಒಳಗಿನಿಂದ ಅಜ್ಜಿ ಕೇಳಿದಳು: "ಯಾರೋ ಸತ್ತಿದ್ದು?"

"ನೀವೇ ಅಂದ್ಕೊಂಡ್ವಿ ಅಜ್ಜೀ!" ಎಂದಿತು ಗುಂಪಿನಿಂದ ಒಂದು ದನಿ.

ಯಾರೂ ನಗಲಿಲ್ಲ. ಬಂದವರ ಗೋಳು ನಿಂತಿತ್ತು, ಈಗ ಹಾಡಿನ ಮಾತು ಕೇಳಿಸುತ್ತಿತ್ತು. ಬಲಗೈ. ಬೂಟುಗಾಲು. ಹೊಟ್ಟೆಯಲ್ಲೇ ಹೋದ ಮಗು. ದನಿ ಯಾರದೆಂದು ಎಲ್ಲರಿಗೂ ಗುರುತು ಸಿಕ್ಕಿತು.

"ನಿಲ್ಸೇ ಅದನ್ನ!" ಸದಿರ್ಬೆಕ್ ಕಿಟಕಿಯತ್ತ ನುಗ್ಗಿದ.

ಬೀದಿಯ ಹಿರಿಯಳು ಟೊಕ್ಟೊಬುಬು ಊರುಗೋಲನ್ನು ಅವನ ಎದೆಗೆ ಚುಚ್ಚಿ ನಿಲ್ಲಿಸಿದಳು. "ಕೊಶೊಕ್ ನಡೀತಿರೋವಾಗ ಗಂಡಸು ಬಾಯಿ ಹಾಕೋದು ಯಾವತ್ತಿಂದ ಶುರುವಾಯ್ತು? ನಿಂತ್ಕೊ ಅಲ್ಲಿ."

"ಅದು ಬರೀ ಕ್ಯಾಸೆಟ್ಟು, ಅಪಾ!"

"ನಿಂತ್ಕೊ ಅಂದೆ."

ಅವನು ನಿಂತ. ಕೊನೆಯ ಸಾಲಿನವರೆಗೂ ನಿಂತೇ ಇದ್ದ. ಮುಗಿದ ಕೂಡಲೇ ಒಳಗೆ ನುಗ್ಗಿ ಕ್ಯಾಸೆಟ್ ಕಿತ್ತು, ಟೇಪನ್ನು ಕೈತುಂಬ ಎಳೆದೆಳೆದು ಹರಿದ. ಜಿಬೆಕ್ ತಡೆಯಲಿಲ್ಲ, ಗೋಡೆಗೊರಗಿ ಒಡೆದ ಕೈಯನ್ನು ಎದೆಗವಚಿಕೊಂಡು ನೋಡುತ್ತಿದ್ದಳು.

ಅವನು ಹೊರಗೆ ಬರುವಷ್ಟರಲ್ಲಿ ಹೆಂಗಸರು ಗೇಟು ದಾಟಿದ್ದರು.

"ಎಲ್ಲಿಗೆ ಹೊರಟ್ರಿ ಎಲ್ರೂ?"

"ಗಂಡ ಸತ್ತೋಳು ಅಳ್ತಾ ಇದ್ರೆ ಹೋಗಿ ಕೂರ್ಬೇಡ್ವೇನೋ?" ಎಂದಳು ಟೊಕ್ಟೊಬುಬು, ತಿರುಗದೆಯೇ.

ನಾನು ಹೊಟ್ಟೆ ಹಿಡಿದುಕೊಂಡು ಹಿಂದೆ ನಡೆದೆ. ಬುರುಲ್ಚಾ ಅಪಾ ಹಿಟ್ಟಿನ ಕೈಯಲ್ಲೇ ಬಾಗಿಲು ತೆಗೆದು, ಬೀದಿ ತುಂಬ ನಿಂತವರನ್ನು ಕಂಡು ಬಿಳಿಚಿಕೊಂಡರು.

"ಯಾರು ಹೋದ್ರು?"

ಟೊಕ್ಟೊಬುಬು ಊರುಗೋಲನ್ನು ಗೋಡೆಗಿಟ್ಟು, ಎರಡೂ ಕೈಯಲ್ಲಿ ಅವರ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು.

"ಹಲ್ಲು ಹೋದ ಜಾಗ ತೋರ್ಸು ಮಗಳೇ," ಎಂದಳು. "ಬಾಯಿ ತೆಗಿ."

ಬುರುಲ್ಚಾ ಅಪಾ ಎಲ್ಲರ ಮುಖ ನೋಡಿದರು. ಆಮೇಲೆ ಬಾಯಿ ತೆರೆದರು.