ಬಾಯಿಗೆ ಬಂದ ಹೆಸರು

ಮೂವರು ಗಂಡಸರು ಚಪ್ಪಲಿ ಬಿಡದೆ ಒಳಗೆ ಬಂದಾಗ ದಯಾಮಣಿಯವರು ಶಿಶುವಿಹಾರದ ಮಕ್ಕಳಿಗೆ ಅನ್ನ ಸಾರು ಬಡಿಸುತ್ತಿದ್ದರು. ಸೌಟು ತಟ್ಟೆಯ ಅಂಚಿಗೆ ತಗುಲಿ ಸದ್ದಾಯಿತು.

ಮುಂದೆ ನಿಂತವನು ಲೋಕೇಶ, ಗೌರಿ ಎಂಬ ಮಗುವಿನ ಚಿಕ್ಕಪ್ಪ. ಹಾರೋಹಳ್ಳಿಯ ಕಾರ್ಖಾನೆಯ ಅಂಗಿಯಲ್ಲೇ ಬಂದಿದ್ದ. ಉಳಿದಿಬ್ಬರನ್ನು ಅವರು ಹಿಂದೆಂದೂ ಕಂಡಿರಲಿಲ್ಲ. ಒಬ್ಬ ಗೋಡೆಯ ಮೇಲಿನ ಶಿಲುಬೆಯ ಫೋಟೊವನ್ನು ಮೊಬೈಲಿನಲ್ಲಿ ತೆಗೆದ. ಬೇರೆ ಊರುಗಳಲ್ಲಿ ಪ್ರಾರ್ಥನಾ ಮಂದಿರಗಳ ಗಾಜು ಒಡೆದ ಸುದ್ದಿ ಆ ತಿಂಗಳು ಪೇಪರಿನಲ್ಲಿ ಬರುತ್ತಲೇ ಇತ್ತು.

"ನಮ್ ಗೌರಿಗೆ ರೂತು ಅಂತ ಹೆಸ್ರು ಇಕ್ಕಿದ್ಯಾರು ಮೇಡಮ್?" ಎಂದ ಲೋಕೇಶ. "ರಾತ್ರಿ ಕರುದ್ರೆ, ನಾನು ಗೌರಿ ಅಲ್ಲ, ರೂತು ಅಂತದೆ."

ರೂತ್ ದಯಾಮಣಿಯವರ ಮಗಳು. ತಾಯಿಯ ಜೊತೆ ನಿಂತು ಈ ಶಿಶುವಿಹಾರ ನಡೆಸುವ ಸೇವಾಸಂಸ್ಥೆಯನ್ನು ಕಟ್ಟಿದವಳು. ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಹೆಂಗಸರ ಮಕ್ಕಳನ್ನು ಬೀದಿ ಬೀದಿ ಸುತ್ತಿ ಇಲ್ಲಿಗೆ ಕರೆತಂದವಳು. ಹೋದ ಬೇಸಿಗೆಯಲ್ಲಿ ಜ್ವರ ಬಂದು ತೀರಿಕೊಂಡಳು. ಆಮೇಲೊಂದು ಮಧ್ಯಾಹ್ನ ಗೌರಿ ದಯಾಮಣಿಯವರ ತೊಡೆಯ ಮೇಲೆ ತಲೆಯಿಟ್ಟು ಮಲಗಿದಾಗ ಆ ಹೆಸರು ಬಾಯಿಗೆ ಬಂತು. ಮಗು ಓಗೊಟ್ಟಿತು. ಮರುದಿನವೂ ಅದೇ ಹೆಸರು ಬಂತು. ದಯಾಮಣಿಯವರು ತಡೆಯಲಿಲ್ಲ.

"ಯಾರೂ ಇಟ್ಟಿಲ್ಲಪ್ಪ. ಅದು ತೀರಿಹೋದ ನನ್ನ ಮಗಳ ಹೆಸರು. ಬಾಯಿ ತಪ್ಪಿ ಬಂತು."

"ದಿನಾ ತಪ್ತದಾ ಬಾಯಿ?" ಎಂದ ಲೋಕೇಶ.

"ಮತಾಂತರ ಮಾಡಕೇ ಕಣ್ಲಾ ಇವ್ರು ಅನ್ನ ಇಕ್ಕದು," ಎಂದ ಫೋಟೊ ತೆಗೆದವನು. "ಬೀಗ ಜಡೀಬೇಕು."

ದಯಾಮಣಿಯವರ ಕಣ್ಣು ಗೌರಿಯ ಮುಂಗೈಗೆ ಹೋಯಿತು. ಅಲ್ಲಿ ಚರ್ಮ ಸುಕ್ಕುಗಟ್ಟಿತ್ತು. ಇಲ್ಲಿಗೆ ಬರುವ ಮೊದಲು ತಾಯಿಯ ಮಗ್ಗುಲಲ್ಲಿ ಆಡುತ್ತಿದ್ದಾಗ ರೇಷ್ಮೆಗೂಡು ಬೇಯುವ ನೀರು ಸಿಡಿದ ಗುರುತು. ಈ ಬಾಗಿಲು ಮುಚ್ಚಿದರೆ ನಾಳೆ ಈ ಮಕ್ಕಳೆಲ್ಲ ಅದೇ ನೀರಿನ ಪಕ್ಕ. ಕರ್ತನೇ, ಎಂದು ಮನಸ್ಸಿನಲ್ಲಿ ಕರೆದರು.

"ನಮ್ ಮುಂದೇನೇ ಗೌರಿ ಅಂತ ಕರೀರಿ," ಎಂದ ಲೋಕೇಶ. "ತಿರುಗ್ತದಾ ನೋಡಾಣ."

"ಗೌರಿ," ಎಂದರು.

ಮಗು ಬೆನ್ನು ಹಾಕಿ ಕುಳಿತು ಅನ್ನ ಕಲಸುತ್ತಿತ್ತು. ತಿರುಗಲಿಲ್ಲ.

"ಗೌರಿ, ಕಂದಾ."

ಬೇರೆ ಮಕ್ಕಳು ತಲೆಯೆತ್ತಿದವು. ಗೌರಿ ಎತ್ತಲಿಲ್ಲ. ದಯಾಮಣಿಯವರು ಮಗುವಿನ ಕಡೆ ಒಂದು ಹೆಜ್ಜೆ ಇಟ್ಟರು.

ಅಷ್ಟರಲ್ಲಿ ಲೋಕೇಶನ ತಾಯಿ, ಗೌರಿಯ ಅಜ್ಜಿ ಬೈರಮ್ಮ ಏದುಸಿರು ಬಿಡುತ್ತ ಬಾಗಿಲಿಗೆ ಬಂದಳು. ಎಲ್ಲರ ಮುಖವನ್ನೂ ಒಮ್ಮೆ ನೋಡಿದಳು.

"ಅವ್ರಪ್ಪನಂಗೇ ಕಣ್ಲಾ ಅದು. ಉಣ್ಣಾಗ ಊರೇ ಹತ್ಕಂಡ್ ಉರುದ್ರೂ ತಿರುಗಕ್ಕಿಲ್ಲ. ನೀನೇನ್ಲಾ, ಶಿಫ್ಟ್ ಬುಟ್ಟು ಕೂಸ ನೋಡ್ಕಂತೀಯಾ? ಬಾ, ಮೊದ್ಲು ಅದ್ರ ಸಿಂಬ್ಳ ಒರ್ಸು ಬಾ!"

ಜೊತೆಗೆ ಬಂದವರಲ್ಲಿ ಒಬ್ಬ ನಕ್ಕುಬಿಟ್ಟ. ಲೋಕೇಶನ ಮುಖ ಕೆಂಪಾಯಿತು.

"ನೀ ಸುಮ್ಕಿರವ್ವ," ಎಂದು ಹೊಸ್ತಿಲ ಕಡೆ ನಡೆದವನು ನಿಂತು ಹೇಳಿದ: "ಇನ್ನೊಂದ್ ಕಿತ ಆ ಹೆಸ್ರು ಮನೇಲ್ ಕೇಳುದ್ರೆ, ಬರೀ ಮೂರೇ ಜನ ಬರಕ್ಕಿಲ್ಲ ಮೇಡಮ್."

ಅವರ ಬೈಕಿನ ಸದ್ದು ಅಡಗುವವರೆಗೂ ಬೈರಮ್ಮ ಬಾಗಿಲಲ್ಲೇ ನಿಂತು ನೋಡಿದಳು.

"ಮನೇಲೂ ಗೌರಿ ಅಂದ್ರೆ ತಿರುಗಲ್ಲ ಅಮ್ಮಾರೇ," ಎಂದಳು, ತಗ್ಗಿದ ದನಿಯಲ್ಲಿ. "ನಿಮ್ಮ ಮಗಳ್ನ ನಾನೂ ಕಂಡೋಳೇ. ಆದ್ರೂ ಆ ಹೆಸ್ರು ಬುಟ್ಬುಡಿ."

"ಬಿಡ್ತೀನಿ ಬೈರಮ್ಮ."

ಊಟ ಮುಗಿಯಿತು. ಮಕ್ಕಳು ಚಾಪೆಗಳ ಮೇಲೆ ಉರುಳಿಕೊಂಡವು. ಗೌರಿ ಒದ್ದೆ ಕೈಯಲ್ಲೇ ಬಂದು ತೊಡೆಯ ಮೇಲೆ ತಲೆಯಿಟ್ಟು, ಆ ಹೆಸರಿನಿಂದ ಕರೆಯಲಿ ಎಂದು ಮೇಲೆ ನೋಡುತ್ತ ಕಾದಿತು. ದಯಾಮಣಿಯವರ ತುಟಿ ಅಲುಗಿತು. ಮಗುವನ್ನು ಮೆಲ್ಲಗೆ ಚಾಪೆಗೆ ಸರಿಸಿ ಎದ್ದು ಬಾಗಿಲಿಗೆ ಹೋದರು. ಹಗಲಲ್ಲಿ ಎಂದೂ ಹಾಕದ ಚಿಲಕ ಬಣ್ಣ ಮೆತ್ತಿ ಅಂಟಿಕೊಂಡಿತ್ತು. ಎರಡೂ ಕೈಯಿಂದ ಒತ್ತಿ ತಳ್ಳಿದರು. ಅರ್ಧ ಸರಿದು ನಿಂತಿತು. ಚಾಪೆಯ ಮೇಲೆ ಮಗು ಕಣ್ಣು ತೆರೆದುಕೊಂಡೇ ಮಲಗಿತ್ತು.